ದೆಹಲಿಯ ಇರುಳೂ ಟೊಮೇಟೊದ ಹೂವೂ

ಬೆಂಗಳೂರು, ಮೈಸೂರು, ಕೋಲಾರದ ಸೀಮೆಗಳಿಂದ ಬಂದು ದೆಹಲಿಯಲ್ಲಿ ನೆಲಸಿದ ನಮ್ಮವರು ಟೊಮೇಟೊ ಗಿಡದ ವಿಷಯದಲ್ಲಿ ಮೊದಲು ಬಿಡಬೇಕಾದುದು, ಯಾವಾಗ ನೆಟ್ಟರೂ ನಡೆದೀತೆಂಬ ಆ ಹಳೆಯ ನೆಮ್ಮದಿಯನ್ನು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಪ್ರಸ್ಥಭೂಮಿಯಲ್ಲಿ ವರ್ಷದ ಯಾವ ಮಾಸದಲ್ಲಿ ಸಸಿಯನ್ನು ನೆಟ್ಟರೂ, ಕೀಟರೋಗಗಳ ಬಾಧೆಯೊಂದನ್ನು ಬಿಟ್ಟರೆ, ಗಿಡವು ಹೂಬಿಟ್ಟು ಕಾಯಿಗಟ್ಟುವುದಕ್ಕೆ ಹವೆಯು ವಿಶೇಷವಾಗಿ ಅಡ್ಡಿಬರುವುದಿಲ್ಲ. ಯಮುನೆಯ ಬಯಲು ಅಂತಹ ಉದಾರಿಯಲ್ಲ; ಇಲ್ಲಿ ಟೊಮೇಟೊವಿಗೆ ವರ್ಷದಲ್ಲಿ ಎರಡೇ ಬಾಗಿಲುಗಳು ತೆರೆಯುತ್ತವೆ, ಎರಡೂ ಬೇಗನೆ ಮುಚ್ಚಿಕೊಳ್ಳುತ್ತವೆ.

ಮೊದಲನೆಯದು ವಸಂತದ ಬಾಗಿಲು. ಕಾರ್ತಿಕದ ಕೊನೆಯಲ್ಲಿ ಬೀಜವನ್ನು ಬಿತ್ತಿ, ಜನವರಿಯ ಕೊರೆತವು ಸಡಿಲವಾದ ಮೇಲೆ ಸಸಿಯನ್ನು ನೆಟ್ಟವರಿಗೆ ಮಾರ್ಚ್ ಮತ್ತು ಏಪ್ರಿಲ್ ಪೂರ್ವಾರ್ಧದಲ್ಲಿ ಕಾಯಿ ಕಟ್ಟುತ್ತದೆ. ರಾಮಕೃಷ್ಣಪುರದ ಸರಕಾರಿ ವಸತಿಗಳ ಹಿತ್ತಿಲುಗಳಲ್ಲಿಯೂ, ದ್ವಾರಕಾ ಮತ್ತು ನೋಯ್ಡಾಗಳ ಬಾಲ್ಕನಿ ತಾರಸಿಗಳಲ್ಲಿಯೂ ಗಿಡ ಬೆಳೆಸುವವರು ಮಾತ್ರ ಸಾಮಾನ್ಯವಾಗಿ ಹೋಳಿಯ ಬಣ್ಣವು ತೊಳೆದುಹೋದ ಮೇಲೆಯೇ ಸಸಿಯನ್ನು ಕೊಳ್ಳಲು ಹೊರಡುತ್ತಾರೆ. ನಾಟಿಯಾದ ಸಸಿಯು ಹೂಬಿಡಲು ಸುಮಾರು ಒಂದು ತಿಂಗಳು ಬೇಕು. ಆದುದರಿಂದ ಏಪ್ರಿಲ್ ನಡುವಿನಲ್ಲಿ ನೆಟ್ಟ ಗಿಡವು ತನ್ನ ಮೊದಲ ಹೂಗೊಂಚಲನ್ನು ಬಿಸಿಗಾಳಿಯು ಬೀಸತೊಡಗಿದ ಮೇ ತಿಂಗಳಿನಲ್ಲಿ ತೆರೆಯುತ್ತದೆ. ಗಿಡವು ಸೊಂಪಾಗಿ ಎದ್ದು ನಿಂತಿರುತ್ತದೆ, ಎಲೆಗಳು ಕಡುಹಸಿರಾಗಿರುತ್ತವೆ, ಹಳದಿಯ ಹೂಗಳು ದಿನದಿನವೂ ಅರಳುತ್ತವೆ. ಅರಳಿದ ಹೂವು ತೊಟ್ಟಿನ ನಡುವಣ ಗಂಟಿನಲ್ಲಿ ಕಳಚಿ ಕುಂಡದ ಮಣ್ಣಿಗೆ ಬೀಳುತ್ತದೆ. ಆಗ ನೀರು ಸಾಲದಾಯಿತೆಂದೂ ಗೊಬ್ಬರ ಸಾಲದಾಯಿತೆಂದೂ ಸಂಶಯಪಟ್ಟು ಮತ್ತಷ್ಟು ಉಣಿಸುವವರೇ ಬಹಳ ಮಂದಿ. ಉಣಿಸಿದಷ್ಟೂ ಎಲೆ ಹೆಚ್ಚುವುದೇ ಹೊರತು ಹೂವು ನಿಲ್ಲುವುದಿಲ್ಲ.

ಇದಕ್ಕೆ ಕಾರಣವು ಹಗಲಿನ ಬಿಸಿಲಿಗಿಂತಲೂ ಹೆಚ್ಚಾಗಿ ಇರುಳಿನ ಸೆಕೆಯಲ್ಲಿದೆ. ಹಾಲೆಂಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದ ತಾಂತ್ರಿಕ ವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಫ್ರಿಟ್ಸ್ ವೆಂಟ್ ಎಂಬ ಸಸ್ಯವಿಜ್ಞಾನಿಯು, ಹವೆಯನ್ನು ಬೇಕಾದಂತೆ ನಿಯಂತ್ರಿಸಬಲ್ಲ ಕೋಣೆಗಳಲ್ಲಿ ಟೊಮೇಟೊವನ್ನು ಬೆಳೆಸಿ, ರಾತ್ರಿಯ ಉಷ್ಣತೆಯು 15ರಿಂದ 20 ಡಿಗ್ರಿಗಳ ನಡುವೆ ಇದ್ದಾಗ ಮಾತ್ರವೇ ಅದು ಸಮೃದ್ಧವಾಗಿ ಕಾಯಿಗಟ್ಟುವುದೆಂಬುದನ್ನು 1944ರಲ್ಲಿ ಪ್ರಕಟಿಸಿದನು. ದೆಹಲಿಯ ಮಾರ್ಚ್ ತಿಂಗಳಿನ ಇರುಳು ಸರಾಸರಿಯಲ್ಲಿ ಈ ಮೇರೆಯೊಳಗೆ ಬರುತ್ತದೆ. ಏಪ್ರಿಲ್ ಕಳೆಯುವುದರೊಳಗೆ ಅದನ್ನು ಮೀರುತ್ತದೆ. ಜೂನ್‌ನಲ್ಲಿ ನಡುರಾತ್ರಿಯ ಗಾಳಿಯೂ 27, 28 ಡಿಗ್ರಿಗಿಂತ ಕೆಳಗಿಳಿಯಲು ಒಲ್ಲದು. ಅಂತಹ ಸೆಕೆಯಲ್ಲಿ ಪರಾಗವು ಬಂಜೆಯಾಗುತ್ತದೆ. ಅಷ್ಟೇ ಅಲ್ಲ, ಪರಾಗಕೋಶಗಳ ಶಂಕುವಿನೊಳಗೆ ಅಡಗಿರಬೇಕಾದ ಶಲಾಕೆಯು ನೀಳವಾಗಿ ಬೆಳೆದು ಹೊರಗೆ ಚಾಚಿಕೊಳ್ಳುವುದರಿಂದ, ಇರುವ ಅಲ್ಪಸ್ವಲ್ಪ ಪರಾಗವೂ ತಾನು ಸೇರಬೇಕಾದ ಸ್ಥಾನವನ್ನು ಸೇರದೆ ಹೋಗುತ್ತದೆ. ಮೇ ತಿಂಗಳಿನ ಒಂದು ಹೂವನ್ನು ಬೆಳಗಿನ ಬೆಳಕಿನಲ್ಲಿ ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದವರಿಗೆ, ಹಳದಿಯ ಶಂಕುವಿನ ತುದಿಯಿಂದ ಹಸಿರು ಎಳೆಯೊಂದು ಇಣುಕುವುದು ಸ್ಪಷ್ಟವಾಗಿ ಕಾಣುತ್ತದೆ. ಒಮ್ಮೆ ಇದನ್ನು ಕಂಡವರು ಮತ್ತೆ ಗೊಬ್ಬರದ ಚೀಲಕ್ಕೆ ಕೈಹಾಕುವುದಿಲ್ಲ.

ಗಿಡದ ಕುಲವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ದಕ್ಷಿಣ ಅಮೆರಿಕದ ಸಸ್ಯಗಳು ನಮ್ಮ ಅಡಿಗೆಮನೆಯನ್ನು ಹೊಕ್ಕ ಕಥೆಗೆಂದೇ ಬಿ.ಜಿ.ಎಲ್. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಗ್ರಂಥವನ್ನು ರಚಿಸಿದರು. ಟೊಮೇಟೊದ ಕಾಡುಬಂಧುಗಳು ಪೆರು ಮತ್ತು ಇಕ್ವೆಡಾರ್ ದೇಶಗಳಲ್ಲಿ ಆಂಡೀಸ್ ಪರ್ವತಪಂಕ್ತಿಯ ಪಶ್ಚಿಮದ ಇಳಿಜಾರಿನಲ್ಲಿಯೂ ಅದರ ಬುಡದ ಒಣ ಕರಾವಳಿಯಲ್ಲಿಯೂ ಇಂದಿಗೂ ಬೆಳೆಯುತ್ತವೆ. ಮಳೆ ವಿರಳ, ಹಗಲು ಪ್ರಖರ, ಇರುಳು ತಂಪು: ಇದು ಅದರ ತವರಿನ ನಡಾವಳಿ. ಅದು ಸಹಸ್ರಾರು ಮೈಲಿ ದೂರದ ನಮ್ಮಲ್ಲಿಗೆ ಬಂದು ಸಾರಿಗೂ ಗೊಜ್ಜಿಗೂ ಅನಿವಾರ್ಯವಾಯಿತಾದರೂ ಹೂವಿನ ಮಟ್ಟಿಗೆ ತವರನ್ನು ಮರೆಯಲಿಲ್ಲ.

ಮಳೆಯು ಬಂದರೆ ಎಲ್ಲವೂ ಸರಿಹೋಗುವುದೆಂದು ನಂಬಿ ಕಾಯುವವರುಂಟು. ಮುಂಗಾರು ದೆಹಲಿಯನ್ನು ಮುಟ್ಟುವ ವಾಡಿಕೆಯ ದಿನವು ಜೂನ್ 27. ಅಂದಿನಿಂದ ಹಗಲಿನ ಉರಿಯೇನೋ ಆರುತ್ತದೆ, ಆದರೆ ಇರುಳಿನ ಸೆಕೆಯು ಇದ್ದಲ್ಲಿಯೇ ಇರುತ್ತದೆ. ಅದರ ಮೇಲೆ ಗಾಳಿಯ ತೇವದಿಂದ ಪರಾಗವು ಅಂಟಿಕೊಂಡು ಉದುರದಾಗುತ್ತದೆ. ಕುಂಡದಲ್ಲಿ ನೀರು ನಿಂತರೆ ಬೇರು ಉಸಿರಾಡದೆ ಗಿಡವು ಒಂದೆರಡು ದಿನಗಳಲ್ಲಿಯೇ ಬಾಡುತ್ತದೆ. ಹೇಗೋ ನಿಂತ ನಾಲ್ಕು ಕಾಯಿಗಳು ಕೆಂಪೇರುವುದಿಲ್ಲ, ಏಕೆಂದರೆ ಹಣ್ಣಿಗೆ ಕೆಂಪನ್ನು ಕೊಡುವ ಲೈಕೋಪೀನ್ ಎಂಬ ವರ್ಣದ್ರವ್ಯವು 30 ಡಿಗ್ರಿಗೆ ಮೇಲ್ಪಟ್ಟ ಉಷ್ಣದಲ್ಲಿ ಸರಿಯಾಗಿ ಉತ್ಪನ್ನವಾಗದು; ಕಿತ್ತಳೆಯ ಬಣ್ಣದ ಕ್ಯಾರೊಟೀನ್ ಮಾತ್ರ ಆಗುತ್ತಲೇ ಇರುವುದರಿಂದ ಹಣ್ಣು ಹಳದಿಗೂ ಕೆಂಪಿಗೂ ನಡುವೆ ಉಳಿದುಬಿಡುತ್ತದೆ.

ನಮ್ಮ ಕರಾವಳಿಯ ತೋಟಿಗರಿಗೂ ಮಳೆಗಾಲದ ಟೊಮೇಟೊ ಕಠಿನವೇ. ಆದರೆ ಮಂಗಳೂರು ಉಡುಪಿಗಳ ಹುಳಿ ಜಂಬಿಟ್ಟಿಗೆ ಮಣ್ಣಿನಲ್ಲಿ ಗಿಡವನ್ನು ಹಸಿರಾಗಿರುವಂತೆಯೇ ಕೆಡಹುವುದು ದುಂಡಾಣುವಿನಿಂದ ಬರುವ ಸೊರಗು ರೋಗ; ದೆಹಲಿಯ ಮಳೆಗಾಲದ ಮುಖ್ಯ ವೈರಿಯಾದರೋ ಬಿಳಿನೊಣವು ಹರಡುವ ಎಲೆ ಮುದುಡು ನಂಜು. ಈ ನಂಜುಗಳ ಪೈಕಿ ಒಂದಕ್ಕೆ ವಿಜ್ಞಾನಿಗಳು ನವದೆಹಲಿಯ ಹೆಸರನ್ನೇ ಇಟ್ಟಿದ್ದಾರೆ. ‘ಟೊಮೇಟೊ ಲೀಫ್ ಕರ್ಲ್ ನ್ಯೂ ಡೆಲ್ಲಿ ವೈರಸ್’ ಎಂಬುದು ಈ ಊರಿನ ಎಲ್ಲೆಯಲ್ಲಿ ನಿಲ್ಲದೆ, 2012ರಲ್ಲಿ ಸ್ಪೇನ್ ದೇಶದ ಜುಕೀನಿ ತೋಟಗಳಲ್ಲಿಯೂ ಕಾಣಿಸಿಕೊಂಡಿತು. ಬೆಂಗಳೂರಿನ ಹೆಸರಿನದೂ ಕರ್ನಾಟಕದ ಹೆಸರಿನದೂ ಬೇರೆ ಬೇರೆಯಾಗಿ ಇವೆ. ಒಮ್ಮೆ ಎಲೆಯು ಬಟ್ಟಲಿನಂತೆ ಮೇಲಕ್ಕೆ ಮುದುಡಿ, ಕುಡಿಯು ಗಿಡ್ಡವಾಗಿ ಗುಂಪುಗಟ್ಟಿತೆಂದರೆ ಆ ಗಿಡಕ್ಕೆ ಔಷಧವಿಲ್ಲ. ಬೇರುಸಹಿತ ಕಿತ್ತು ದೂರಮಾಡುವುದೇ ನೆರೆಯ ಗಿಡಗಳಿಗೆ ಮಾಡುವ ಉಪಕಾರ. ಪ್ರೀತಿಯಿಂದ ಬೆಳೆಸಿದ ಗಿಡವನ್ನು ಕೀಳಲು ಕೈಬರುವುದಿಲ್ಲವೆಂಬುದು ನಿಜ, ಆದರೂ ಕೀಳಲೇಬೇಕು.

ಬೆಟ್ಟದ ನಾಡುಗಳೂ ದಕ್ಷಿಣದ ಪ್ರಸ್ಥಭೂಮಿಯೂ ಮಳೆಗಾಲದಲ್ಲಿ ದೆಹಲಿಗೆ ಟೊಮೇಟೊವನ್ನು ಉಣಿಸುವುದು ಇಲ್ಲಿಯ ಇರುಳಿನ ಸೆಕೆ ಮತ್ತು ನಂಜಿನ ಕಾರಣದಿಂದಲೇ. 2023ರ ಜುಲೈ 13ರಂದು ಯಮುನೆಯು ಹಳೆಯ ರೈಲುಸೇತುವೆಯ ಬಳಿ 208.66 ಮೀಟರಿಗೆ ಏರಿ, ದಡದ ತರಕಾರಿಯ ಹೊಲಗಳೆಲ್ಲ ಮುಳುಗಿದ್ದಾಗ, ಕೇಂದ್ರ ಸರಕಾರವು ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಿಂದ ಟೊಮೇಟೊವನ್ನು ತರಿಸಿ, ಮಾರನೆಯ ದಿನದಿಂದ ಇಲ್ಲಿಯ ಬೀದಿಗಳಲ್ಲಿ ಕಿಲೋಗೆ 90 ರೂಪಾಯಿಯಂತೆ ಮಾರಿಸಿತು. ಜನರು ಸಾಲುಗಟ್ಟಿ ಕೊಂಡ ಆ ಹಣ್ಣು ತಂಪಿನ ಇರುಳುಗಳ ಫಲವಾಗಿತ್ತು.

ಹಾಗಾದರೆ ಏಪ್ರಿಲ್‌ನಲ್ಲಿ ನೆಟ್ಟವರು ಏನು ಮಾಡತಕ್ಕದ್ದು? ನನ್ನ ಅಭಿಪ್ರಾಯವು ಹೀಗಿದೆ: ವಸಂತದ ಲೆಕ್ಕಕ್ಕೆ ತಡವಾದವನು ಶರತ್ಕಾಲದ ಲೆಕ್ಕಕ್ಕೆ ಇನ್ನೂ ಬೇಗನೆ ಬಂದವನಾದುದರಿಂದ, ಮೇ ಜೂನ್‌ಗಳಲ್ಲಿ ಹಣ್ಣನ್ನು ಅಪೇಕ್ಷಿಸದೆ, ಮಧ್ಯಾಹ್ನದ ಬಿಸಿಲಿಗೆ ನೆರಳುಬಲೆಯನ್ನು ಕಟ್ಟಿ, ಬುಡಕ್ಕೆ ಒಣಹುಲ್ಲನ್ನು ದಪ್ಪನಾಗಿ ಹೊದಿಸಿ, ಎರಡನೆಯ ಬಾಗಿಲಿಗೆ ಸಿದ್ಧನಾಗಬೇಕು. ಆರೋಗ್ಯವಾಗಿ ಉಳಿದ ಗಿಡದ ಪಕ್ಕದ ಕುಡಿಗಳನ್ನು ಮುರಿದು ಒದ್ದೆ ಮರಳಿನಲ್ಲಿ ಊರಿದರೆ ಅವು ಸುಲಭವಾಗಿ ಬೇರುಬಿಡುತ್ತವೆಂಬುದು ನಿಜ. ಅನೇಕರು ಈ ವಿಧಾನವನ್ನು ಹೊಗಳುತ್ತಾರೆ. ನಾನು ಅದನ್ನು ಒಪ್ಪುವುದು ಕಷ್ಟ, ಏಕೆಂದರೆ ಬೇಸಗೆಯನ್ನೆಲ್ಲ ಬಿಳಿನೊಣಗಳ ನಡುವೆ ಕಳೆದ ಗಿಡವು ಕಣ್ಣಿಗೆ ಕಾಣದಂತೆ ನಂಜನ್ನು ಧರಿಸಿರಬಹುದು, ಧರಿಸಿದ್ದರೆ ಅದರ ಕುಡಿಯೂ ಧರಿಸಿರುತ್ತದೆ. ಜುಲೈ ಕೊನೆಯಲ್ಲಿ ಹೊಸ ಬೀಜವನ್ನು ಬಿತ್ತುವುದೇ ಮೇಲು. ಬಿತ್ತಿದ ತಟ್ಟೆಯನ್ನು ಬಿಳಿನೊಣವು ನುಸುಳದಷ್ಟು ನವಿರಾದ ನೈಲಾನ್ ಬಲೆಯೊಳಗೆ ನಾಟಿಯ ದಿನದವರೆಗೂ ಕಾಪಾಡಬೇಕು. ಆಗಸ್ಟ್ ಕೊನೆಯಲ್ಲಿ ಏರುಮಡಿಯ ಮೇಲೆ ನೆಡಬೇಕು, ಏಕೆಂದರೆ ಮುಂಗಾರು ಇಲ್ಲಿಂದ ಹಿಂದೆಗೆಯುವುದು ಸೆಪ್ಟೆಂಬರ್ ಕೊನೆಯ ವಾರದ ಹೊತ್ತಿಗೆ. ನೀರು ನಿಲ್ಲುವ ತಗ್ಗುನೆಲದವರು ಬದನೆಯ ಬೇರಿಗೆ ಟೊಮೇಟೊವನ್ನು ಕಸಿಮಾಡಬಹುದು. ತೈವಾನಿನ ವಿಶ್ವ ತರಕಾರಿ ಕೇಂದ್ರವು ಬಿಸಿಮಳೆಯ ನಾಡುಗಳಿಗೆ ಬಹುಕಾಲದಿಂದ ಉಪದೇಶಿಸುತ್ತಿರುವ ಉಪಾಯವಿದು, ಬದನೆಯ ಬೇರು ನೀರನ್ನು ತಾಳುವಷ್ಟು ಟೊಮೇಟೊದ ಬೇರು ತಾಳದು.

ತಳಿಯ ವಿಷಯದಲ್ಲಿ ನನ್ನ ಪಕ್ಷಪಾತವನ್ನು ಮರೆಮಾಚುವುದಿಲ್ಲ. ಪೂಸಾದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ‘ಇಂಪ್ರೂವ್ಡ್ ಮೀರುತಿ’ ಮತ್ತು ಅಮೆರಿಕದ ‘ಸೂ’ ಎಂಬೆರಡು ತಳಿಗಳನ್ನು ಕೂಡಿಸಿ ಪಡೆದ ‘ಪೂಸಾ ರೂಬಿ’ಯು, ಚಪ್ಪಟೆಯಾಗಿ, ಭುಜದಲ್ಲಿ ತುಸು ಗೀರುಬಿದ್ದು, ನೋಟಕ್ಕೆ ಸಾಧಾರಣವಾದರೂ, ಸಾರಿಗೆ ಬೇಕಾದ ಹುಳಿಯೂ ರಸವೂ ಅದರಲ್ಲಿದೆ. ನಂಜನ್ನು ಅದು ತಡೆಯಲಾರದು. ತಡೆಯಬಲ್ಲದ್ದು ನಮ್ಮ ಹೆಸರಘಟ್ಟದ ‘ಅರ್ಕಾ ರಕ್ಷಕ್’. ಎಲೆ ಮುದುಡು ನಂಜು, ಸೊರಗು ರೋಗ, ಮೊದಲ ಅಂಗಮಾರಿ ಈ ಮೂರನ್ನೂ ಎದುರಿಸುವಂತೆ ರೂಪಿಸಿದ ಸಂಕರ ತಳಿ ಅದು. ಗಟ್ಟಿಸಿಪ್ಪೆಯ ಆ ಹಣ್ಣು ಲಾರಿಯ ಪ್ರಯಾಣಕ್ಕೆ ಹೇಳಿಮಾಡಿಸಿದ್ದು, ರುಚಿಯಲ್ಲಿ ರೂಬಿಗೆ ಒಂದು ಮೆಟ್ಟಿಲು ಕೆಳಗೆ. ಜಾಗವಿದ್ದವರು ಎರಡನ್ನೂ ನೆಡಲಿ. ಒಂದೇ ಕುಂಡವಿದ್ದವರು ಧೈರ್ಯಮಾಡಿ ರೂಬಿಯನ್ನೇ ನೆಡಲಿ.

ದಸರೆಯ ಹೊತ್ತಿಗೆ ಇರುಳು 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಉದುರುತ್ತಿದ್ದ ಹೂಗಳು ನಿಲ್ಲತೊಡಗುತ್ತವೆ. ಅಲ್ಲಿಂದ ಸುಮಾರು ಒಂದೂವರೆ ತಿಂಗಳಿಗೆ, ನವೆಂಬರ್ ನಡುವಿನಿಂದ, ಹಣ್ಣು ಕೆಂಪಾಗುತ್ತದೆ. ಡಿಸೆಂಬರ್ ಕೊನೆಯ ಕೊರೆತಕ್ಕೆ ಸಿಕ್ಕುವ ಮುನ್ನ ಗಿಡದಲ್ಲಿರುವ ಕಾಯಿಗಳನ್ನೆಲ್ಲ ಬಿಡಿಸಿಕೊಳ್ಳಬೇಕು. ಬಿಳುಪಿಗೆ ತಿರುಗಿದವನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟರೆ ನಿಧಾನವಾಗಿ ಹಣ್ಣಾಗುತ್ತವೆ. ಕಡುಹಸಿರಾಗಿಯೇ ಉಳಿದವನ್ನು ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ, ಹುರಿದ ಹುಚ್ಚೆಳ್ಳು, ಒಣಮೆಣಸಿನಕಾಯಿ, ಚೂರು ಬೆಲ್ಲದೊಡನೆ ರುಬ್ಬಿದರೆ ರೊಟ್ಟಿಗೆ ಒಪ್ಪುವ ಚಟ್ನಿಯಾಗುತ್ತದೆ. ಹುಚ್ಚೆಳ್ಳು ದೆಹಲಿಯ ಅಂಗಡಿಗಳಲ್ಲಿ ಸುಲಭವಾಗಿ ದೊರೆಯದು. ಊರಿನಿಂದ ಬರುವವರ ಕೈಯಲ್ಲಿ ದಸರೆಗೆ ಮೊದಲೇ ತರಿಸಿಟ್ಟುಕೊಳ್ಳುವುದು ಒಳ್ಳೆಯದು.