ಪಣಜಿಯ ಮೇಲ್ಗೆರೆ

'ಸ್ಕೈಲೈನ್' ಎಂಬುದಕ್ಕೆ ಕನ್ನಡದಲ್ಲಿ ನೆಲೆಗೊಂಡ ಪದವಿಲ್ಲ. ಬಾನಂಚು ಎಂದರೆ ದಿಗಂತವಾಗಿಬಿಡುತ್ತದೆ. ಆದ್ದರಿಂದ ಇಲ್ಲಿ 'ಮೇಲ್ಗೆರೆ' ಎಂದು ಕರೆದಿದ್ದೇನೆ. ನಗರಗಳ ಮೇಲ್ಗೆರೆಗಳನ್ನು ಹೋಲಿಸುವ ಬರಹಗಳು ಬಹುಮಟ್ಟಿಗೆ ಮಹಡಿಗಳನ್ನು ಎಣಿಸುತ್ತವೆ. ಆ ಅಳತೆಯಲ್ಲಿ ಪಣಜಿಗೆ ಸ್ಥಾನವೇ ಇಲ್ಲ. ನಮ್ಮ ಕಾವ್ಯಗಳ ಪುರವರ್ಣನೆ, ಅದರ ಉತ್ಪ್ರೇಕ್ಷೆಯನ್ನು ಒಪ್ಪಿಕೊಂಡೇ ಹೇಳುವುದಾದರೆ, ಇದಕ್ಕಿಂತ ವಿಶಾಲವಾದುದು: ಅಲ್ಲಿ ಮುಗಿಲು ಮುಟ್ಟುವ ಸೌಧಗಳೊಡನೆ ಅಗಳು, ಕೆರೆ, ಉಪವನ, ಅಂಗಡಿಬೀದಿಗಳೂ ಸೇರಿ ಪುರವಾಗುತ್ತದೆ.

ಬೇತಿಯಿಂದ ಮಾಂಡೋವಿಯನ್ನು ದಾಟುವ ಫೆರಿಯಲ್ಲಿ ನಿಂತು ನೋಡಿದರೆ ಪಣಜಿಯ ಮೇಲ್ಗೆರೆಯನ್ನು ಎಳೆದಿರುವುದು ಕಟ್ಟಡಗಳಲ್ಲ, ಆಲ್ತಿನೊ ಗುಡ್ಡ. 1843ರಲ್ಲಿ ರಾಜಧಾನಿಯಾದ ಈ ಊರು ಎದ್ದು ಕಾಣುವ ಗುರುತನ್ನು ಕೂಡ ಪಾಳುಬಿದ್ದ ಹಳೆಯ ಗೋವೆಯಿಂದ ಪಡೆಯಿತು: ಗುಡ್ಡದ ಬುಡದ ಬಿಳಿಯ ಚರ್ಚಿನಲ್ಲಿ 1871ರಲ್ಲಿ ತೂಗುಹಾಕಿದ ದೊಡ್ಡ ಗಂಟೆ ಅಲ್ಲಿನ ಆಗಸ್ಟೀನಿಯನ್ ಮಠದ್ದು. ನದಿಯಂಚಿನ ಆದಿಲಶಾಹಿ ಅರಮನೆಯಂತೂ, ಪೋರ್ಚುಗೀಸರ ಮಾರ್ಪಾಡುಗಳ ನಂತರವೂ, ತಗ್ಗಿ ಕುಳಿತಿದೆ. ಅದೇ ವಂಶ ಬಿಜಾಪುರದ ಬಯಲಿನಲ್ಲಿ ಗೋಲಗುಮ್ಮಟವನ್ನು ಮೈಲುಗಟ್ಟಲೆ ದೂರಕ್ಕೆ ಕಾಣುವಂತೆ ಎಬ್ಬಿಸಿತು. ಗೋರಿ ತನ್ನನ್ನು ತೋರಿಸಿಕೊಳ್ಳಬೇಕಿತ್ತು. ಅರಮನೆಗೆ ಹೊಳೆಯ ಮೇಲೆ ಕಣ್ಣಿಟ್ಟರೆ ಸಾಕಿತ್ತು. ಚಾರ್ಲ್ಸ್ ಕೊರಿಯಾ ಮುಂಬಯಿಯಲ್ಲಿ 84 ಮೀಟರ್ ಎತ್ತರದ ಕಾಂಚನಜುಂಗಾವನ್ನು ರೂಪಿಸಿದ ಕಾಲದಲ್ಲಿಯೇ ಪಣಜಿಯ ಕಲಾ ಅಕಾಡೆಮಿಯನ್ನು ನದಿಗೆ ಸಮನಾಗಿ ಹಾಸಿದರು. ಎತ್ತರವೆಂಬುದು ಸ್ಥಳ ಕೇಳುವ ಪ್ರಶ್ನೆಗೆ ಕೊಟ್ಟ ಉತ್ತರವೇ ಹೊರತು ಪ್ರಗತಿಯ ಮಾಪಕವಲ್ಲ.

ಆದರೆ ಪಣಜಿಯ ತಗ್ಗನ್ನು ಹೊಗಳುವವರ ವಿಷಯದಲ್ಲಿಯೂ ನನಗೆ ತಕರಾರಿದೆ. ಅವರ ನೋಟ ದಕ್ಷಿಣ ದಂಡೆಯಲ್ಲಿಯೇ ನಿಂತುಬಿಡುತ್ತದೆ. ವಿಧಾನಸಭೆ 2000ದಲ್ಲಿ ಆ ಹಳೆಯ ಅರಮನೆಯನ್ನು ಬಿಟ್ಟು ಹೊಳೆಯಾಚೆಯ ಪರ್ವರಿಯ ದಿಣ್ಣೆಗೆ ಹೋಯಿತು. ಸುತ್ತ ವಸತಿ ಸಮುಚ್ಚಯಗಳು ಬೆಳೆದವು. ಫೊಂತೈನ್ಯಾಸ್‌ನ ಹೆಂಚಿನ ಮಾಡುಗಳು ಛಾಯಾಚಿತ್ರಕ್ಕೆ ಉಳಿದಿರುವುದರಲ್ಲಿ, ಬೆಳೆಯುವ ಊರಿನ ಭಾರವನ್ನು ಎದುರು ದಂಡೆ ಹೊತ್ತಿರುವುದರ ಪಾಲೂ ಇದೆ. ಎರಡೂ ದಂಡೆಗಳನ್ನು ಒಂದೇ ನಗರವೆಂದು ಓದದ ಹೋಲಿಕೆ ಅರ್ಧ ಹೋಲಿಕೆ.

ಗೋವೆಯ ಕಟ್ಟಡಗಳಿಗೆ ಇಟ್ಟಿಗೆ, ಜಲ್ಲಿ ಹೊತ್ತವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಸೀಮೆಗಳಿಂದ ಬಂದ ಕನ್ನಡಿಗರು ಬಹಳ. ಸಾರವೆಯ ಮೇಲಿನ ಕೂಗು-ಮಾರುತ್ತರಗಳಲ್ಲಿ ಕನ್ನಡ ಕೇಳುವುದು ಇಲ್ಲಿ ವಿಶೇಷವೇನಲ್ಲ. ಅರಮನೆಯನ್ನು ವರ್ಣಿಸುವಾಗ ಬಿಜಾಪುರದ ಹೆಸರನ್ನು ತಪ್ಪದೆ ಹೇಳುವ ಬರಹಗಳಲ್ಲಿ, ಹೊಸ ಮಹಡಿಗಳ ಪ್ರಸ್ತಾಪ ಬಂದಾಗ ಆ ಊರಿನ ಹೆಸರು ನನಗೆ ಕಂಡಿಲ್ಲ.