ಅಗಲ ಬಾಯಿಯ ಕೊಡ

ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ಬಿ.ಎಡ್. ಎರಡು ವರ್ಷದ ಓದಾಯಿತು. ಅದರ ಜೊತೆ ಬಂದ ಹೊಸ ಪತ್ರಿಕೆಗಳಲ್ಲಿ ಒಂದು, ತನ್ನನ್ನು ತಾನು ಅರಿಯುವುದು. ಆ ಪತ್ರಿಕೆಗೆ ನಮಗೊಂದು ಬರವಣಿಗೆ ಕೊಟ್ಟಿದ್ದರು: ನಿಮ್ಮ ಮನೆ, ಮಾತು, ಜಾತಿ, ಧರ್ಮ, ಲಿಂಗ ಇವೆಲ್ಲ ನಾಳೆ ನೀವು ಪಾಠ ಮಾಡುವ ರೀತಿಯನ್ನು ಹೇಗೆ ರೂಪಿಸುತ್ತವೆ? ಐದು ಪುಟ ಬರೆಯಿರಿ. ಗೆಳತಿಯರು ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದೆ. ನನ್ನಂಥವಳಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಯಾವುದಿದೆ ಎಂದುಕೊಂಡಿದ್ದೆ.

ನಾನು ವಿಜಯಪುರ ಜಿಲ್ಲೆಯ ಒಂದು ತಾಂಡಾದವಳು. ಮನೆಯಲ್ಲಿ ಆಡುವುದು ಗೋರಬೋಲಿ, ಕನ್ನಡವೇನಿದ್ದರೂ ಶಾಲೆಯಲ್ಲಿ ಕಲಿತದ್ದು. ನಮ್ಮ ಮಾತಿನಲ್ಲಿ ನಪುಂಸಕಲಿಂಗವಿಲ್ಲ. ಕಲ್ಲಾಗಲಿ ಗಿಡವಾಗಲಿ ಗಂಡೋ ಹೆಣ್ಣೋ ಆಗಿರಲೇಬೇಕು. ಎರಡನೇ ಇಯತ್ತೆಯಲ್ಲಿ ನಾನು ‘ಮರ ಬಿದ್ದ’ ಎಂದೆ. “ಮರಕ್ಕ ಮೀಸಿ ಬಂದಾವೇನವಾ?” ಎಂದು ಗುರುಗಳು ಕೇಳಿದರು. ಇಡೀ ವರ್ಗ ನಕ್ಕಿತು. ಮುಂದೆ ಎಷ್ಟೋ ದಿನ ಹುಡುಗರು ನನ್ನನ್ನು ‘ಮರ ಬಿದ್ದ’ ಎಂದೇ ಕರೆದರು. ಇವರೆಲ್ಲರಿಗಿಂತ ಚೆನ್ನಾಗಿ ಕನ್ನಡ ಕಲಿಯುತ್ತೇನೆ ಎಂಬ ಹಟ ಅಂದೇ ಹುಟ್ಟಿತು. ಕನ್ನಡ ಎಂ.ಎ. ಮಾಡಿದೆ. ಐದು ಪುಟಗಳಲ್ಲಿ ಈ ಕಥೆಯನ್ನೆಲ್ಲ ಬರೆದು, ನನ್ನ ವರ್ಗದಲ್ಲಿ ಯಾವ ಮಗುವಿಗೂ ಹೀಗಾಗಲು ಬಿಡುವುದಿಲ್ಲ ಎಂದು ಮುಗಿಸಿದೆ.

ಮೂರು ತಿಂಗಳ ನಂತರ ಇಂಟರ್ನ್‌ಶಿಪ್. ಎಂಟನೆಯ ತರಗತಿಗೆ ‘ಮಳೆಗಾಲದ ಒಂದು ದಿನ’ ಎಂಬ ಪ್ರಬಂಧ ಬರೆಸಿದೆ. ಉರ್ದು ಮನೆಮಾತಿನ ಒಬ್ಬ ಹುಡುಗ ‘ಸಂಜೆ ಮಳೆ ಬಂದಳು’ ಎಂದು ಬರೆದಿದ್ದ. ನಾನು ಅದನ್ನು ಗಟ್ಟಿಯಾಗಿ ಓದಿ, “ಯಾರಪ್ಪಾ ಈಕಿ, ಮಳೆ ಅನ್ನೋ ಹುಡುಗಿ?” ಎಂದು ಕೇಳಿದೆ. ವರ್ಗ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುಡುಗ ಪಾಟೀಚೀಲದೊಳಗೆ ಏನನ್ನೋ ಹುಡುಕತೊಡಗಿದ. ಗಂಟೆ ಹೊಡೆದ ಮೇಲೆ ನನ್ನ ಮೇಜಿನ ಬಳಿ ಬಂದು, “ಟೀಚರ್, ನಮ್ಮ ಮನ್ಯಾಗ ಹಂಗ ಅಂತಾರ್ರಿ” ಎಂದು ಹೇಳಿ ಹೋದ. ಪಾಠ ನೋಡಲು ಬಂದಿದ್ದ ಉಪನ್ಯಾಸಕರು ನನ್ನ ಅವಲೋಕನ ಪುಸ್ತಕದಲ್ಲಿ ಹೀಗೆ ಬರೆದಿದ್ದರು: ‘ತರಗತಿ ಲವಲವಿಕೆಯಿಂದ ಕೂಡಿತ್ತು. ಭಾಷಾದೋಷಗಳನ್ನು ಸೂಕ್ತವಾಗಿ ತಿದ್ದಲಾಗಿದೆ.’

ಅಂದು ರಾತ್ರಿ ಹಾಸ್ಟೆಲಿನಲ್ಲಿ ಕೂತಾಗ ನನಗೆ ನೆನಪಾದದ್ದು ನನ್ನ ಎರಡನೇ ಇಯತ್ತೆಯ ಗುರುಗಳಲ್ಲ, ದ್ರೋಣ.

ಏಕಲವ್ಯನ ಕಥೆಯನ್ನು ನಾವು ಬೆರಳು ಕತ್ತರಿಸುವಲ್ಲಿಂದ ಓದುತ್ತೇವೆ. ಅಲ್ಲಿಂದ ಓದಿದರೆ ದ್ರೋಣ ಒಬ್ಬ ಕ್ರೂರಿ. ಅವನಿಗೂ ನಮಗೂ ಏನೂ ಸಂಬಂಧವಿಲ್ಲ. ಆದರೆ ಆದಿಪರ್ವ ಅವನನ್ನು ನಮಗೆ ಪರಿಚಯಿಸುವುದು ಬಡವನಾಗಿ. ಸಿರಿವಂತರ ಮಕ್ಕಳು ಹಾಲು ಕುಡಿಯುವುದನ್ನು ಕಂಡು ಅಶ್ವತ್ಥಾಮ ಅಳುತ್ತಾನೆ. ಉಳಿದ ಹುಡುಗರು ಅಕ್ಕಿಹಿಟ್ಟು ಕದಡಿದ ನೀರು ಕೊಟ್ಟು ಅವನನ್ನು ನಂಬಿಸುತ್ತಾರೆ. ಹಾಲು ಕುಡಿದೆನೆಂದು ಮಗು ಕುಣಿಯುತ್ತದೆ. ಇದನ್ನು ಕಣ್ಣಾರೆ ಕಂಡ ಅಪ್ಪ ಜೊತೆಗೆ ಓದಿದ ದ್ರುಪದನ ಹತ್ತಿರ ಹೋದರೆ, ಗೆಳೆತನವೇನಿದ್ದರೂ ಸರೀಕರಲ್ಲಿ ಎಂಬ ಉತ್ತರ ಸಿಗುತ್ತದೆ. ಹಸ್ತಿನಾವತಿಯ ಮಕ್ಕಳ ಗುರುವಾಗುವ ಹೊತ್ತಿಗೆ ದ್ರೋಣನ ಎದೆಯಲ್ಲಿ ಈ ಎರಡು ಗಾಯಗಳಿವೆ.

ಇಂಥವನು ಬಾಗಿಲಲ್ಲಿ ನಿಂತ ಬೇಡರ ಹುಡುಗನನ್ನು ಅಪ್ಪಿಕೊಳ್ಳಬೇಕಿತ್ತಲ್ಲವೇ? ನನ್ನ ಐದು ಪುಟಗಳ ತರ್ಕವೂ ಅದೇ ಆಗಿತ್ತು: ಅವಮಾನ ಉಂಡವರಿಗೆ ಅವಮಾನ ತಾನಾಗಿ ಅರ್ಥವಾಗುತ್ತದೆ. ಹಿಂದುಳಿದವರ ನಡುವಿನಿಂದ ಬಂದ ಶಿಕ್ಷಕಿ ಹಿಂದುಳಿದ ಮಗುವನ್ನು ತಾನಾಗಿ ಕಾಯುತ್ತಾಳೆ ಎಂದು ಸಭೆಗಳಲ್ಲಿ ನಾವು ಕೇಳುವುದೂ ಇದನ್ನೇ. ಮಹಾಭಾರತ ಇದನ್ನು ನಂಬುವುದಿಲ್ಲ. ದ್ರೋಣನ ಗಾಯ ಅವನಿಗೆ ಕಲಿಸಿದ್ದು ಒಂದೇ, ಇನ್ನೆಂದೂ ಆ ಸ್ಥಿತಿಗೆ ಇಳಿಯಬಾರದು ಎಂಬುದು. ಏಕಲವ್ಯನನ್ನು ಒಳಗೆ ಬಿಟ್ಟುಕೊಂಡರೆ ರಾಜಕುಮಾರರ ಮನೆಯವರು ಏನೆನ್ನುತ್ತಾರೆ ಎಂಬ ಲೆಕ್ಕ ಅವನ ಅನ್ನದ ಲೆಕ್ಕವೂ ಹೌದು.

ಬೆರಳಿಗಿಂತ ನನ್ನನ್ನು ಹೆಚ್ಚು ಕಾಡುವ ಒಂದು ಸಣ್ಣ ಪ್ರಸಂಗ ಅದೇ ಪರ್ವದಲ್ಲಿದೆ. ದ್ರೋಣ ಶಿಷ್ಯರನ್ನು ನೀರು ತರಲು ಕಳಿಸುತ್ತಾನೆ. ಎಲ್ಲರಿಗೂ ಕಿರಿದಾದ ಬಾಯಿಯ ಕಮಂಡಲ ಕೊಡುತ್ತಾನೆ, ಮಗನಿಗೆ ಮಾತ್ರ ಅಗಲ ಬಾಯಿಯ ಕೊಡ. ಅದು ಬೇಗ ತುಂಬುತ್ತದೆ, ಅಶ್ವತ್ಥಾಮ ಮೊದಲು ಬರುತ್ತಾನೆ, ಉಳಿದವರು ಬರುವುದರೊಳಗೆ ಅವನಿಗೆ ಒಂದು ಪಾಠ ಹೆಚ್ಚಿಗೆ ಸಿಗುತ್ತದೆ. ಇಲ್ಲಿ ಬೈಗುಳವಿಲ್ಲ, ರಕ್ತವಿಲ್ಲ. ಎಲ್ಲರ ಕೈಯಲ್ಲೂ ಒಂದೊಂದು ಪಾತ್ರೆಯಿದೆ. ಹಾಲಿಗಾಗಿ ಅತ್ತ ಮಗನ ಮೇಲಿನ ಅಕ್ಕರೆಯೇ ಇಲ್ಲಿ ಪಕ್ಷಪಾತವಾಗಿದೆ. ಕೊಡ ಕೊಟ್ಟದ್ದು ಅಪ್ಪ ದ್ರೋಣ, ಬೆರಳು ಕೇಳಿದ್ದು ಅರಮನೆಯ ಅನ್ನ ಉಣ್ಣುವ ದ್ರೋಣ, ದ್ರುಪದನನ್ನು ಕಟ್ಟಿ ತರುವುದನ್ನೇ ಗುರುದಕ್ಷಿಣೆಯಾಗಿ ಕೇಳಿದ್ದು ಅವಮಾನಿತ ದ್ರೋಣ. ಒಬ್ಬನೇ ಗುರುವಿನ ಒಳಗಿನ ಮೂವರು ಮೂರು ಬೇರೆ ಪಾಠ ಮಾಡುತ್ತಿದ್ದಾರೆ.

ಕುವೆಂಪು 1947ರಲ್ಲಿ ‘ಬೆರಳ್‌ಗೆ ಕೊರಳ್’ ಬರೆದಾಗ ಈ ಕಥೆಗೆ ಕನ್ನಡದಲ್ಲಿ ಬೇರೆಯದೇ ತೂಕ ಬಂತು. ಆ ಹೆಸರಿನಲ್ಲೇ ತೀರ್ಪಿದೆ: ಬೆರಳಿಗೆ ಪ್ರತಿಯಾಗಿ ಕೊರಳು. ಕುರುಕ್ಷೇತ್ರದಲ್ಲಿ ದ್ರೋಣನ ತಲೆ ಉರುಳುವುದಕ್ಕೂ ಕಾಡಿನಲ್ಲಿ ಬಿದ್ದ ಹೆಬ್ಬೆರಳಿಗೂ ನಾಟಕ ನಂಟು ಬೆಸೆಯುತ್ತದೆ. ಓದುಗಳಾಗಿ ನಾನು ಈ ನ್ಯಾಯಕ್ಕೆ ತಲೆಬಾಗುತ್ತೇನೆ. ಆದರೆ ಶಿಕ್ಷಕಿಯಾಗಲು ಹೊರಟವಳಿಗೆ ಅದು ಸಾಲುವುದಿಲ್ಲ. ಕರ್ಮ ತನ್ನ ಬಡ್ಡಿ ವಸೂಲು ಮಾಡುವಷ್ಟರಲ್ಲಿ ಏಕಲವ್ಯನ ಓದು ಮುಗಿದಿರುತ್ತದೆ. ಹಾಲಿನ ದಿನಕ್ಕೂ ಹೆಬ್ಬೆರಳಿನ ದಿನಕ್ಕೂ ನಡುವೆ ದ್ರೋಣ ತನ್ನನ್ನು ತಾನು ಎಲ್ಲಿ ನೋಡಿಕೊಳ್ಳಬಹುದಿತ್ತು ಎಂಬುದು ನನ್ನ ಪ್ರಶ್ನೆ.

ಕೊಡದ ಪ್ರಸಂಗ ಓದುವಾಗಲೆಲ್ಲ ನನಗೆ ಇನ್ನೊಂದು ನೀರಿನ ನೆನಪು ಬರುತ್ತದೆ. ಅಂಬೇಡ್ಕರ್ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ತಮ್ಮ ಬಾಲ್ಯದ ಶಾಲೆಯನ್ನು ನೆನೆಯುತ್ತಾರೆ. ಕೂರಲು ಮನೆಯಿಂದ ತಂದ ಗೋಣಿತಾಟು. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ, ಜವಾನ ಬಂದು ತಿರುಗಿಸಬೇಕು. ಅವನಿಲ್ಲದ ದಿನ ನೀರೂ ಇಲ್ಲ. ಆ ಪುಟಗಳಲ್ಲಿ ನನ್ನನ್ನು ಹೆದರಿಸುವುದು ಯಾರ ಸಿಟ್ಟೂ ಅಲ್ಲ. ಆ ಶಾಲೆಯಲ್ಲಿ ಪಾಠಗಳು ನಡೆಯುತ್ತಲೇ ಇದ್ದವು. ಅಲ್ಲಿಯ ಮಾಸ್ತರರಿಗೆ ತಮ್ಮ ಜಾತಿ ತಾವು ಉಸಿರಾಡುವ ಗಾಳಿಯಂತೆ ಸಹಜವಾಗಿತ್ತು.

ಕನ್ನಡದಲ್ಲಿ ಆ ಗೋಣಿತಾಟಿನ ಕಡೆಯಿಂದ ಬಂದ ಎರಡು ಆತ್ಮಕಥನಗಳನ್ನು ನಾನು ಮತ್ತೆ ತೆರೆದೆ. ಒಂದು, ನಮ್ಮ ಜಿಲ್ಲೆಯ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ ‘ಗವರ್ನಮೆಂಟ್ ಬ್ರಾಹ್ಮಣ’ (1994). ಇನ್ನೊಂದು ಸಿದ್ಧಲಿಂಗಯ್ಯನವರ ‘ಊರುಕೇರಿ’. ಮಾಲಗತ್ತಿ ಸರ್ಕಾರದ ಸವಲತ್ತು ಪಡೆಯುವವರನ್ನು ಹಂಗಿಸುವ ಮಾತನ್ನೇ ಎತ್ತಿ ಪುಸ್ತಕದ ಹಣೆಗೆ ಅಂಟಿಸಿದರು. ಸಿದ್ಧಲಿಂಗಯ್ಯ ಎತ್ತಿನ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟ ಅಪ್ಪನ ಚಿತ್ರದಿಂದ ಆರಂಭಿಸಿಯೂ ಪುಸ್ತಕದ ತುಂಬ ನಗುತ್ತಾರೆ. ಡಿ.ಆರ್. ನಾಗರಾಜ್ ಗುರುತಿಸಿದ್ದೂ ಈ ಬಡವರ ನಗುವನ್ನೇ. ಇಬ್ಬರೂ ಮುಂದೆ ವಿಶ್ವವಿದ್ಯಾಲಯದಲ್ಲಿ ಕನ್ನಡದ ಮೇಷ್ಟ್ರಾದವರು.

ಈ ಎರಡು ಪುಸ್ತಕಗಳನ್ನು ನಾನು ಮೊದಲು ಓದಿದ್ದು ನನ್ನ ನೋವಿಗೆ ಸಾಕ್ಷಿ ಹುಡುಕುತ್ತಾ. ಈ ಸಲ ಬೇರೆ ಏನೋ ಕಂಡಿತು. ಇಬ್ಬರೂ ತಮ್ಮ ಗಾಯವನ್ನು ಎಲ್ಲರೂ ನೋಡುವಂತೆ ಬಯಲಿಗಿಟ್ಟಿದ್ದಾರೆ, ಒಬ್ಬರು ಮೊನಚಾಗಿ, ಇನ್ನೊಬ್ಬರು ನಗುತ್ತಾ. ಸಿದ್ಧಲಿಂಗಯ್ಯನವರ ನಗು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ತಮ್ಮನ್ನೂ ಬಿಡುವುದಿಲ್ಲ. ನನ್ನ ವರ್ಗದಲ್ಲಿ ನಾನು ಹುಟ್ಟಿಸಿದ ನಗು ಮೇಜಿನ ಈಚೆಯಿಂದ ಬೆಂಚಿನ ಕಡೆಗೆ ಹೋಯಿತು. ನಾನು ಗಾಯವನ್ನು ಎಲ್ಲೂ ತೋರಿಸದೆ ಎಂ.ಎ. ಪದವಿಯ ಕೆಳಗೆ ಮುಚ್ಚಿಟ್ಟಿದ್ದೆ. ಆ ಹುಡುಗನ ವಾಕ್ಯ ಕೇಳಿದ ಕೂಡಲೇ ಅದು ಹೊರಬಂತು. ಎಲ್ಲರಿಗಿಂತ ಶುದ್ಧ ಕನ್ನಡ ಕಲಿತವಳಿಗೆ ಆ ಶುದ್ಧಿಯನ್ನು ಕಾಯುವ ಉತ್ಸಾಹವೂ ಎಲ್ಲರಿಗಿಂತ ಹೆಚ್ಚಿರುತ್ತದೆ.

ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು. ಐದು ಪುಟಗಳಲ್ಲಿ ನಾನು ತಾಂಡಾದ ಬಗ್ಗೆ, ಭಾಷೆಯ ಬಗ್ಗೆ, ಹೆಣ್ಣಾಗಿರುವುದರ ಬಗ್ಗೆ ಬರೆದಿದ್ದೆ. ಧರ್ಮದ ಬಗ್ಗೆ ಒಂದು ಸಾಲೂ ಇರಲಿಲ್ಲ. ಪ್ರಶ್ನೆಯಲ್ಲಿ ಆ ಪದವಿತ್ತು. ನಾನು ದಾಟಿ ಹೋಗಿದ್ದೆ. ನೋಯದ ಗುರುತು ನಮಗೆ ಗುರುತಾಗಿಯೇ ಕಾಣುವುದಿಲ್ಲ. ಆ ಹುಡುಗನ ಜಾಗದಲ್ಲಿ ತಾಂಡಾದ ಹುಡುಗಿ ಕೂತಿದ್ದರೆ ನಾನು ಆ ವಾಕ್ಯವನ್ನು ಗಟ್ಟಿಯಾಗಿ ಓದುತ್ತಿದ್ದೆನೇ? ಇಲ್ಲ ಎನಿಸುತ್ತದೆ. ಅವಳನ್ನು ಹತ್ತಿರ ಕರೆದು, ಕಿವಿಯಲ್ಲಿ ಹೇಳಿ, ತಿದ್ದುತ್ತಿದ್ದೆ. ಅಂದರೆ ನನ್ನ ಕೈಯಲ್ಲೂ ಒಂದು ಅಗಲ ಬಾಯಿಯ ಕೊಡವಿದೆ. ನನ್ನವರು ಎನಿಸಿದವರಿಗೆ ಅದನ್ನು ಎತ್ತಿ ಕೊಡುವಾಗ ನನಗದು ನ್ಯಾಯವೆಂದೇ ತೋರುತ್ತದೆ.

ಮರುದಿನ ಪಾಠ ಯೋಜನೆಯಲ್ಲಿ ಇಲ್ಲದ ಒಂದು ಕೆಲಸ ಮಾಡಿದೆ. ಹಲಗೆಯ ಮೇಲೆ ‘ಮಳೆ’ ಎಂದು ಬರೆದು, ನಿಮ್ಮ ನಿಮ್ಮ ಮನೆಯಲ್ಲಿ ಇದು ಹೇಗೆ ಬರುತ್ತದೆ ಹೇಳಿ ಎಂದೆ. ಉರ್ದುವಿನಲ್ಲಿ ಹೆಣ್ಣಾಗಿ ಬಂದಳು. ಕನ್ನಡ ಮನೆಯ ಹುಡುಗಿಯೊಬ್ಬಳು ಎದ್ದು, ತನ್ನಜ್ಜಿ ‘ಮಳೆರಾಯ ಬಂದ’ ಅನ್ನುತ್ತಾಳೆ ಎಂದಳು. ಅದಕ್ಕೆ ಯಾರೂ ನಗಲಿಲ್ಲ. ಆಗ ನನ್ನ ‘ಮರ ಬಿದ್ದ’ದ ಕಥೆ ಹೇಳಿದೆ. ಅದಕ್ಕೆ ನಕ್ಕರು, ನಾನೂ ನಕ್ಕೆ. ಹುಡುಗ ನಕ್ಕನೋ ಇಲ್ಲವೋ ನೋಡಲು ಧೈರ್ಯವಾಗಲಿಲ್ಲ. ಕೊನೆಗೆ, ಪರೀಕ್ಷೆಯಲ್ಲಿ ‘ಮಳೆ ಬಂತು’ ಎಂದೇ ಬರೆಯಬೇಕು ಎಂದು ಹೇಳಿ, ಅದೇಕೆ ಹಾಗೆ ಎಂಬುದನ್ನು ವಿವರಿಸಿದೆ. ತಿದ್ದದೆ ಬಿಡುವುದೂ ಮಗುವಿಗೆ ಮೋಸವೇ. ಮುಂದಿನ ಮೇಜಿನಲ್ಲಿ ಕೂತವರು ಅವನಿಗೆ ಅಂಕ ಬಿಟ್ಟುಕೊಡುವುದಿಲ್ಲ.

ಕಾಲೇಜಿಗೆ ಮರಳಿದ ಮೇಲೆ ಆ ಐದು ಪುಟಗಳು ತಿದ್ದಿ ಬಂದವು. ಕೊನೆಯ ಸಾಲಿನ ಪಕ್ಕದಲ್ಲಿ, ಯಾವ ಮಗುವಿಗೂ ಹೀಗಾಗಲು ಬಿಡುವುದಿಲ್ಲ ಎಂದು ನಾನು ಬರೆದಲ್ಲಿ, ಕೆಂಪು ಶಾಯಿಯ ‘ಉತ್ತಮ’ ಇತ್ತು. ನಾನು ಆ ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಕೆಳಗೆ ಆ ಹುಡುಗನ ಹಾಜರಿ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದೇನೆ.