ಹಳೆಯ ಪ್ಲೇಯರ್‌ಗೆ ಬದಲಿ ಮೋಟಾರು

ರೆಕಾರ್ಡ್ ಪ್ಲೇಯರ್‌ನ ಮೋಟಾರಿಗೆ ಹೆಚ್ಚಿನ ಬಲ ಬೇಕಿಲ್ಲ. ಬೇಕಾದದ್ದು ಎರಡೇ ಗುಣ: ವೇಗ ಕದಲಬಾರದು, ಮೈ ನಡುಗಬಾರದು. ವೇಗ ಏರಿಳಿದರೆ ಹಿನ್ನೆಲೆಯ ತಂಬೂರಿಯ ಶ್ರುತಿಯೇ ಓಲಾಡುತ್ತದೆ. ಮೈ ನಡುಗಿದರೆ ಆ ನಡುಕ ಸೂಜಿಗೂ ತಲುಪಿ, ಹಾಡಿನ ಜೊತೆ ಗುಡುಗುಡು ಸದ್ದಾಗಿ ಸ್ಪೀಕರಿನಿಂದ ಹೊರಬರುತ್ತದೆ. ನಾಲ್ಕೈದು ದಶಕ ದುಡಿದ ಮೋಟಾರು ಕೊಡುವ ಕಾಟವೆಲ್ಲ ಹೆಚ್ಚುಕಡಿಮೆ ಇವೆರಡರಲ್ಲೇ ಅಡಗಿದೆ.

ಇಂಥ ಮೋಟಾರಿನ ವೈಂಡಿಂಗ್ ಸುಡುವುದು ಅಪರೂಪ. ಸವೆಯುವುದು ಶಾಫ್ಟನ್ನು ಹಿಡಿದಿರುವ ಕಂಚಿನ ಬುಷ್. ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಈ ಬುಷ್ ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ. ವರ್ಷಗಳು ಕಳೆದಂತೆ ಎಣ್ಣೆ ಅಂಟಾಗುತ್ತದೆ, ಆಮೇಲೆ ಒಣಗುತ್ತದೆ. ಲೋಹಕ್ಕೆ ಲೋಹ ಉಜ್ಜಿ ತೂತು ಅಗಲವಾಗುತ್ತದೆ. ಹಾಗಾಗಿ ಮೊದಲ ಪರೀಕ್ಷೆ ಬೆರಳಿನದು. ಪ್ಲಗ್ ಕಿತ್ತು, ಬೆಲ್ಟ್ ತೆಗೆದು, ಪುಲ್ಲಿಯನ್ನು ಮೆಲ್ಲಗೆ ತಿರುಗಿಸಬೇಕು, ಅಕ್ಕಪಕ್ಕ ಅಲ್ಲಾಡಿಸಬೇಕು. ತಿರುಗುವಾಗ ಅಂಟಿದಂತಾದರೆ ದೋಷ ಎಣ್ಣೆಯದು. ಬಿಚ್ಚಿ ತೊಳೆದು ಕೆಲವು ತೊಟ್ಟು ತೆಳುವಾದ ಯಂತ್ರದ ಎಣ್ಣೆ ಬಿಟ್ಟರೆ ಸಾಕು. ಮನೆಯಲ್ಲಿ ಕೈಗೆ ಸಿಗುವ ಕೊಬ್ಬರಿ ಎಣ್ಣೆ ಮಾತ್ರ ಬೇಡವೇ ಬೇಡ, ಅದು ಚಳಿಗೆ ಹೆಪ್ಪುಗಟ್ಟುತ್ತದೆ. ಶಾಫ್ಟ್ ಅಕ್ಕಪಕ್ಕ ಆಡಿದರೆ ಬುಷ್ ಸವೆದಿದೆ ಎಂದೇ ಅರ್ಥ. ಎಣ್ಣೆ ಸ್ವಲ್ಪ ದಿನ ಸದ್ದಡಗಿಸೀತು, ಅಷ್ಟೇ. ಬದಲಿ ಮೋಟಾರಿನ ಮಾತು ಬರಬೇಕಾದದ್ದು ಆಗಲೇ, ಅದಕ್ಕೂ ಮೊದಲಲ್ಲ.

ಇದಕ್ಕೆ ಒಳ್ಳೆಯ ನಿದರ್ಶನ ಥೋರೆನ್ಸ್ ಟಿಡಿ 160. 1883ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಸಾಂತ್ ಕ್ರುವಾದಲ್ಲಿ ಸಂಗೀತ ಪೆಟ್ಟಿಗೆಗಳನ್ನು ಮಾಡುತ್ತ ಶುರುವಾದ ಕಂಪನಿಯ 1972ರ ಮಾದರಿ ಇದು. ಒಳಗಿರುವುದು 16 ಪೋಲ್‌ನ ಸಿಂಕ್ರೊನಸ್ ಮೋಟಾರು; ಬೆಲ್ಟ್ ಒಳತಟ್ಟೆಯನ್ನು ಸುತ್ತಿ ತಿರುಗಿಸುತ್ತದೆ. ಸಿಂಕ್ರೊನಸ್ ಮೋಟಾರಿನ ವೇಗವನ್ನು ನಿರ್ಧರಿಸುವುದು ವೋಲ್ಟೇಜಲ್ಲ, ಕರೆಂಟಿನ ಆವರ್ತನ. ಆವರ್ತನವನ್ನು 120ರಿಂದ ಗುಣಿಸಿ ಪೋಲ್‌ಗಳ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತದೆ: 50 ಹರ್ಟ್ಸ್‌ನಲ್ಲಿ 375. ಇಂಥ ಮೋಟಾರು ನಿಧಾನವಾಗಿ ಓಡುವುದೆಂಬುದಿಲ್ಲ. ತನ್ನ ವೇಗದಲ್ಲಿ ಓಡುತ್ತದೆ, ಇಲ್ಲವೇ ಹಿಡಿತ ತಪ್ಪಿ ನಿಲ್ಲುತ್ತದೆ. ಆದ್ದರಿಂದ ಹಾಡು ಒಂದೇ ಸಮನೆ ನಿಧಾನವಾಗಿದ್ದರೆ ಮೊದಲು ನೋಡಬೇಕಾದದ್ದು ಸಡಿಲಗೊಂಡ ಬೆಲ್ಟನ್ನು, ಒಣಗಿದ ತಟ್ಟೆಯ ಬೇರಿಂಗನ್ನು. ಮೋಟಾರು ಗುಂಯ್‌ಗುಡುತ್ತಾ ಹೊರಡದೆ ನಿಂತರೆ, ಅಥವಾ ಹಿಮ್ಮುಖ ಹೊರಟರೆ, ಕೆಪಾಸಿಟರ್ ಮೇಲೆ ಅನುಮಾನಪಡಬೇಕು. ಅದರ ಬೆಲೆ ಮೋಟಾರಿನ ಬೆಲೆಗೆ ಹೋಲಿಸಿದರೆ ಏನೇನೂ ಅಲ್ಲ.

ಅಮೆರಿಕದಿಂದ ಹಿಂತಿರುಗುವಾಗ ಜೊತೆಗೆ ತಂದ ಪ್ಲೇಯರ್ ಬೆಂಗಳೂರಿನಲ್ಲಿ ಗೊಗ್ಗರು ದನಿಯಲ್ಲಿ ಹಾಡಿದರೆ ಅದೂ ಮೋಟಾರಿನ ಸವೆತವಲ್ಲ. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 120ಕ್ಕೆ ಇಳಿಸಬಲ್ಲದು, 50 ಹರ್ಟ್ಸನ್ನು 60 ಮಾಡಲಾರದು. 33⅓ ಸುತ್ತಬೇಕಾದ ತಟ್ಟೆ ಸುಮಾರು 27.8 ಸುತ್ತುತ್ತದೆ. 20 ನಿಮಿಷದ ಬದಿ ಮುಗಿಯಲು 24 ನಿಮಿಷ ಬೇಕು. ಶ್ರುತಿ ಹಾರ್ಮೋನಿಯಂನ ಕರಿ ಬಿಳಿ ಸೇರಿ ಮೂರು ಮನೆಗಿಂತಲೂ ತುಸು ಹೆಚ್ಚೇ ಕೆಳಗಿಳಿಯುತ್ತದೆ. ಇಲ್ಲಿ ಬೇಕಾದದ್ದು ಐದಕ್ಕೆ ಆರರ ಲೆಕ್ಕದಲ್ಲಿ ದಪ್ಪವಾದ ಪುಲ್ಲಿ.

ಬದಲಿ ಮೋಟಾರನ್ನು ಆರಿಸುವಾಗಲೂ ಲೆಕ್ಕ ಇದೇ. ವೋಲ್ಟೇಜ್, ಆವರ್ತನ, ತಿರುಗುವ ದಿಕ್ಕು, ಶಾಫ್ಟಿನ ದಪ್ಪ, ತಿರುಪಿನ ತೂತುಗಳ ಅಂತರ ಎಲ್ಲವೂ ಹೊಂದಬೇಕು; ಎಲ್ಲಕ್ಕಿಂತ ಮಿಗಿಲಾಗಿ ಪೋಲ್‌ಗಳ ಸಂಖ್ಯೆ. 24 ಪೋಲ್‌ನ ಮೋಟಾರು 50 ಹರ್ಟ್ಸ್‌ನಲ್ಲಿ 250 ಸುತ್ತಷ್ಟೇ ತಿರುಗುತ್ತದೆ. 16 ಪೋಲ್‌ನ ಜಾಗದಲ್ಲಿ ಅದನ್ನು ಕೂರಿಸಿದರೆ ಪುಲ್ಲಿ ಒಂದೂವರೆ ಪಟ್ಟು ದಪ್ಪವಿರಬೇಕು. ಎಲೆಕ್ಟ್ರಾನಿಕ್ ನಿಯಂತ್ರಣದ ಡಿ.ಸಿ. ಮೋಟಾರನ್ನು ಹಾಕಿಕೊಳ್ಳುವವರೂ ಇದ್ದಾರೆ. ಚೆನ್ನಾಗಿಯೇ ನಡೆಯುತ್ತದೆ, ಆದರೆ ಯಂತ್ರ ತನ್ನ ಮೂಲರೂಪದಲ್ಲಿ ಉಳಿಯುವುದಿಲ್ಲ. ಅದೇ ಮಾದರಿಯ ಮತ್ತೊಂದು ಪ್ಲೇಯರ್‌ನಿಂದ ತೆಗೆದ, ಆಟವಿಲ್ಲದ ಶಾಫ್ಟಿನ ಮೋಟಾರು ಸಿಕ್ಕರೆ ಅದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ.

ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ತಯಾರಾದ ಗ್ಯಾರಾರ್ಡ್ 301ರ ವಿಷಯ ಬೇರೆ. ಅದರ ದೊಡ್ಡ ಇಂಡಕ್ಷನ್ ಮೋಟಾರು ಸ್ಪ್ರಿಂಗ್‌ಗಳ ಮೇಲೆ ತೂಗಾಡುತ್ತದೆ, ರಬ್ಬರ್ ಚಕ್ರದ ಮೂಲಕ ತಟ್ಟೆಯನ್ನು ನೂಕುತ್ತದೆ. ಅದನ್ನು ಬದಲಿಸುವುದಕ್ಕಿಂತ ಹೊಸ ಬುಷ್ ಹಾಕಿಸುವುದೇ ಜಾಣತನ. 1970ರ ಟೆಕ್ನಿಕ್ಸ್ ಎಸ್‌ಪಿ 10 ಮಾದರಿಯ ನೇರ ಚಾಲನೆಯ ಯಂತ್ರಗಳಲ್ಲಿ ತಟ್ಟೆ ಕೂರುವುದೇ ಮೋಟಾರಿನ ಮೇಲೆ. ಅಲ್ಲಿ ಎಲೆಕ್ಟ್ರಾನಿಕ್ಸ್ ಬಲ್ಲವರ ಕೈ ಬೇಕು.

ಜೋಡಣೆಯಲ್ಲಿ ಅವಸರ ಸಲ್ಲದು. ತಟ್ಟೆಗಳನ್ನು ಎತ್ತಿಟ್ಟು, ಟೋನ್‌ಆರ್ಮನ್ನು ಕಟ್ಟಿ, ಪ್ಲೇಯರನ್ನು ಬೋರಲು ಹಾಕುವ ಮೊದಲು ಸೂಜಿಗೆ ಮುಚ್ಚಳ ಹಾಕಬೇಕು. ಯಾವ ತಂತಿ ಎಲ್ಲಿಗೆ ಎಂಬುದರ ಫೋಟೊ ತೆಗೆದುಕೊಂಡ ಮೇಲೆಯೇ ಬೆಸುಗೆ ಬಿಡಿಸಬೇಕು. ಮೋಟಾರಿನ ಕೆಳಗೆ ರಬ್ಬರ್ ವಾಷರ್‌ಗಳಿದ್ದರೆ ಅವನ್ನೂ ಹೊಸದು ಹಾಕುವುದು ಒಳ್ಳೆಯದು, ಗಟ್ಟಿಯಾದ ರಬ್ಬರ್ ನಡುಕವನ್ನು ತಡೆಯದು. ತಿರುಪನ್ನು ಅತಿಯಾಗಿ ಬಿಗಿದರೂ ಫಲ ಅದೇ. ಬೆಸುಗೆ ಹಾಕಿದ ತುದಿಗಳಿಗೆ ಸ್ಲೀವ್ ತೊಡಿಸಬೇಕು, ಅರ್ಥ್ ತಂತಿ ಇದ್ದಲ್ಲಿಗೇ ಮರಳಬೇಕು. ಪುಲ್ಲಿಯ ಎತ್ತರ ಬೆಲ್ಟ್ ಒಳತಟ್ಟೆಯ ಅಂಚಿನ ನಡುವೆ ಓಡುವಷ್ಟಿರಬೇಕು. ಶಾಫ್ಟ್ ನೆಟ್ಟಗಿಲ್ಲದಿದ್ದರೆ ಬೆಲ್ಟ್ ಹತ್ತುತ್ತಾ ಇಳಿಯುತ್ತಾ ಕೊನೆಗೆ ಕಳಚಿಕೊಳ್ಳುತ್ತದೆ.

ಕೊನೆಯದು ಸ್ಟ್ರೋಬ್ ತಟ್ಟೆಯ ಪರೀಕ್ಷೆ. 50 ಹರ್ಟ್ಸ್‌ನ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 33⅓ ಸುತ್ತಿಗೆಂದು ಬರೆದ 180 ಗೆರೆಗಳು ಅದರ ಬೆಳಕಿನಲ್ಲಿ ನಿಂತಂತೆ ಕಾಣಬೇಕು. ಎಲ್ಲ ಎಲ್‌ಇಡಿ ಬಲ್ಬುಗಳೂ ಹಾಗೆ ಮಿನುಗುವುದಿಲ್ಲವಾದ್ದರಿಂದ ನಿಯಾನ್ ದೀಪವೇ ಲೇಸು. ಗೆರೆಗಳು ಹಿಂದಕ್ಕೆ ಸರಿದರೆ ವೇಗ ಕಡಿಮೆ, ಮುಂದಕ್ಕೆ ಓಡಿದರೆ ಹೆಚ್ಚು. ಈ ಪರೀಕ್ಷೆಯನ್ನು ಸೂಜಿ ರೆಕಾರ್ಡಿನ ಮೇಲಿರುವಾಗಲೇ ಮಾಡಬೇಕು. ಮೋಟಾರು ಒಂದೆರಡು ಗಂಟೆ ಓಡಿ ಬಿಸಿಯಾದ ಮೇಲೆ ಇನ್ನೊಮ್ಮೆ ಮಾಡಬೇಕು. ಆಗಲೂ ಗೆರೆಗಳು ನಿಂತಿದ್ದರೆ ತಳದ ಹಲಗೆಯನ್ನು ಮುಚ್ಚಬಹುದು.